ಗುರುಮಲ್ಲಪ್ಪನವರ ಎರಡು ಸೀಟಿನ ಕಾರು

ಗುರುಮಲ್ಲಪ್ಪನವರ ಹೆಬ್ಬೆರಳಿಗೆ ಉಂಗುರದ ಹಾಗೆ ಸದಾ ಒಂದು ಬಿಳಿ ಟೇಪಿನ ಉರುಳೆ, ನೀರು ಸೋರದಂತೆ ನಲ್ಲಿಯ ಮರೆಗೆ, ಅಂದರೆ ತಿರುಪಿನ ಗೆರೆಗಳಿಗೆ, ಸುತ್ತುವಂಥದ್ದು. ನಂಜನಗೂಡಿನಲ್ಲಿ ಅವರದು ಪೈಪು, ಪಂಪ್‌ಸೆಟ್ಟುಗಳ ಅಂಗಡಿ. ಮದುವೆಮನೆಯಲ್ಲಿ ನಲ್ಲಿ ತೊಟ್ಟಿಕ್ಕಿದರೂ ಎಲೆ ಬಿಟ್ಟು ಎದ್ದು ಹೋಗುವ ಆಸಾಮಿ. "ನಾನ್ ಸುತ್ತಿದ್ ಮೇಲೆ ಕಪಿಲೆನೂ ಸೋರಲ್ಲ ಕಣ್ರೀ" ಎನ್ನುವುದು ಖಾಯಂ ಮಾತು.

ಇಂಥವರಿಗೆ ಐವತ್ತು ದಾಟಿದ ಮೇಲೆ, ಎರಡು ಸಾವಿರದ ಇಸವಿಯ ಆಚೀಚೆ, ಸ್ಪೋರ್ಟ್ಸ್ ಕಾರು ಕಟ್ಟುವ ಹುಚ್ಚು ಹಿಡಿಯಿತು. ಫೈಬರ್ ಮೈ, ಎರಡೇ ಸೀಟು, ನಾಲ್ಕು ಜನ ಹಿಡಿದರೆ ಪಕ್ಕಕ್ಕೆ ಸರಿಸಬಹುದಾದಷ್ಟು ಹಗುರ. ಒಳಗೆ ಗುಜರಿಯಲ್ಲಿ ಸಿಕ್ಕ ಎಂಜಿನ್ನು, ಪೆಟ್ರೋಲು ಅಳೆದು ಕೊಡುವ ಕಂಪ್ಯೂಟರು. ಎದುರಂಗಡಿಯಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ನನಗೆ ಅದನ್ನು ತಿಳಿಸಿಕೊಟ್ಟವರೂ ಅವರೇ.

"ಕಂಪ್ಯೂಟ್ರು ಅಡುಗೆ ಭಟ್ಟ ಇದ್ದಂಗೆ, ಒಲೆ ಬಿಟ್ಟು ಈಚೆಗ್ ಬರಲ್ಲ. ಗಾಳಿ ಎಷ್ಟ್ ಬಂತು, ಎಂಜಿನ್ ಎಷ್ಟ್ ಕಾದದೆ ಅಂತ ಸೆನ್ಸರ್‌ಗಳು ಏಳ್ಬೇಕು. ಅವು ಏಳ್ದಷ್ಟೇ ಪೆಟ್ರೋಲ್ ಬಡಿಸ್ತಾನೆ. ಎಂಜಿನ್ ತಣ್ಣಗಿದ್ರೆ ಜಾಸ್ತಿ, ಕಾದ್ರೆ ಕಮ್ಮಿ."

ಆ ಕಾರಿನಲ್ಲಿ ಹೆಂಡತಿ ದಾಕ್ಷಾಯಿಣಮ್ಮನವರನ್ನು ಕೂರಿಸಿಕೊಂಡು ತಿ. ನರಸೀಪುರದ ಅವರ ತವರಿಗೆ ಹೋಗಬೇಕೆಂಬುದೊಂದೇ ಹಟ. ಮದುವೆಯಾದಾಗಿನಿಂದ ಆಕೆಯ ತಮ್ಮಂದಿರು ಭಾವನನ್ನು "ಪೈಪಿನವರು" ಎಂದು ಆಡಿಕೊಳ್ಳುತ್ತಿದ್ದರು. ಆಕೆ ಅಷ್ಟೂ ವರ್ಷ ನುಂಗಿಕೊಂಡು ಬಂದಿದ್ದರು. ಆದರೆ ಕಾರು ಹೊರಟರೆ ಕಪ್ಪು ಹೊಗೆ. ಒಮ್ಮೆ ಸುತ್ತೂರಿನ ಹತ್ತಿರ ಕೆಮ್ಮಿ ನಿಂತು, ಟ್ರ್ಯಾಕ್ಟರಿಗೆ ಕಟ್ಟಿಸಿಕೊಂಡು ವಾಪಸಾಯಿತು. ಸುದ್ದಿ ತವರಿಗೂ ಮುಟ್ಟಿತು, ನಗು ಇನ್ನಷ್ಟು ಜೋರಾಯಿತು.

ಒಂದು ದಿನ ದಾಕ್ಷಾಯಿಣಮ್ಮನವರೇ ಸೆರಗಿನಿಂದ ಮೂಗು ಮುಚ್ಚಿಕೊಂಡು ಕಾರಿನ ಹತ್ತಿರ ಬಂದು ನಿಂತರು. "ತಣ್ಣಗಿದ್ದಾಗ್ಲೂ ಇದೇ ಪೆಟ್ರೋಲ್ ವಾಸ್ನೆ, ಕಾದ್ ಮೇಲೂ ಇದೇ ವಾಸ್ನೆ. ಎಂಜಿನ್ ಕಾದದೆ ಅಂತ ನಿಮ್ ಭಟ್ಟಂಗೆ ಯಾರೂ ಏಳೇ ಇಲ್ವೇನೋ" ಎಂದರು.

ನಾವಿಬ್ಬರೂ ಶಾಖದ ಸೆನ್ಸರ್ ಬಿಚ್ಚಿದೆವು. ಅದಕ್ಕಿದ್ದದ್ದು ಒಂದೇ ತಂತಿ. ಇನ್ನೊಂದು ತಂತಿಯ ಕೆಲಸವನ್ನು ಅದರ ಹಿತ್ತಾಳೆಯ ಮರೆಯೇ ಎಂಜಿನ್ನಿಗೆ ತಾಗಿಕೊಂಡು ಮಾಡಬೇಕು. ಆ ಮರೆಯ ಮೇಲೆ ಸುತ್ತಿನ ಮೇಲೆ ಸುತ್ತು ಬಿಳಿ ಟೇಪು! ನೀರೇನೋ ಸೋರಿರಲಿಲ್ಲ, ಕರೆಂಟೂ ದಾಟಿರಲಿಲ್ಲ. ಎಂಜಿನ್ನು ಕುದಿಯುತ್ತಿದ್ದರೂ ಇನ್ನೂ ಚಳಿಯೆಂದು ತಿಳಿದು ಕಂಪ್ಯೂಟರು ಪೆಟ್ರೋಲು ಸುರಿಯುತ್ತಲೇ ಇತ್ತು. ಗುರುಮಲ್ಲಪ್ಪನವರು ನಾಚಿಕೊಂಡರೇ? ಎಲ್ಲಿ ಬಂತು! ಬೀದಿಯವರನ್ನೆಲ್ಲ ಕರೆದು ತಮ್ಮ ಘನಕಾರ್ಯ ತೋರಿಸಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಮನುಷ್ಯನ ಮೇಲೆ ನನಗೆ ನಿಜವಾಗಿ ಪ್ರೀತಿ ಹುಟ್ಟಿದ್ದು ಅವತ್ತು. ಟೇಪು ಕಿತ್ತು, ತಾಮ್ರದ ವಾಷರ್ ಹಾಕಿ ಬಿಗಿದರು. ಹೊಗೆ ನಿಂತಿತು.

ಈಗ ಗುರುಮಲ್ಲಪ್ಪನವರಿಲ್ಲ. ಅವರನ್ನು ನೆನೆದರೆ ಗಂಡ ಹೆಂಡತಿ ಆ ಕಾರಿನಲ್ಲಿ ತವರಿಗೆ ಹೊರಟ ಭಾನುವಾರವೇ ಕಣ್ಣಿಗೆ ಬರುತ್ತದೆ. ಕಾರು ಕೈಕೊಟ್ಟರೆ ನೆರವಿಗಿರಲೆಂದು ಸ್ಕೂಟರಿನಲ್ಲಿ ಹಿಂದೆ ಹೊರಟ ನನಗೆ ಅವರು ಮತ್ತೆ ಕಂಡದ್ದು ತಿ. ನರಸೀಪುರದಲ್ಲಿ, ತವರುಮನೆಯ ಬೀದಿಯಲ್ಲೇ. ಕಾರು ಹದವಾಗಿ ಗುರುಗುಟ್ಟುತ್ತಿತ್ತು. ತಮ್ಮಂದಿರೆಲ್ಲ ಜಗುಲಿಗೆ ಬಂದು ನಿಂತಿದ್ದರು. ದೊಡ್ಡವನು ಇಳಿದು ಬಂದು, ಇಳಿ ಅಕ್ಕ ಎನ್ನುತ್ತ ತಾನೇ ಬಾಗಿಲು ತೆಗೆದ.

ದಾಕ್ಷಾಯಿಣಮ್ಮನವರು ಸೆರಗು ಸರಿಮಾಡಿಕೊಂಡು ಬಾಗಿಲನ್ನು ಮತ್ತೆ ಎಳೆದುಕೊಂಡರು.

"ಆಫ್ ಮಾಡ್ಬೇಡಿ," ಎಂದರು ಗಂಡನಿಗೆ. "ಇನ್ನೊಂದ್ ರೌಂಡ್ ಓಗ್ಬುಟ್ಟು ಬರಣ."