ಬಿಳಿ ಗೆರೆ, ಹಳದಿ ಗೆರೆ

ಕಿನುಯಕ್ಕನ ಶೆಡ್ಡಿಗೆ ನಾನು ಮೊದಲ ಸಲ ಹೋದದ್ದು ಒಂದು ಸದ್ದಿನ ಕಾರಣಕ್ಕೆ. ದೊಡ್ಡ ಸದ್ದೇನಲ್ಲ. ಮಗಳು ವಾಕಾನಾಳನ್ನು ಶಿಶುವಿಹಾರಕ್ಕೆ ಬಿಡುವ ದಾರಿಯಲ್ಲಿ ರೈಲು ಹಳಿ ದಾಟುವಾಗ ಮುಂದಿನ ಎಡಚಕ್ರದ ಹತ್ತಿರ ಟಕ್ ಎನ್ನುತ್ತಿತ್ತು, ಅಷ್ಟೇ. ಆದರೆ ಹಿಂದಿನ ಸೀಟಿನಲ್ಲಿ ಹದಿನಾಲ್ಕು ತಿಂಗಳ ಕೂಸು ಕೂತಿರುವಾಗ ಟಕ್ ಎನ್ನುವುದೂ ದೊಡ್ಡ ಸದ್ದೇ. ನಾನು ಹಳಿ ಬರುವ ಮುಂಚೆಯೇ ಉಸಿರು ಹಿಡಿಯತೊಡಗಿದ್ದೆ.

ಗಂಡ ಶುನ್‌ಸಾಕುವಿಗೆ ನಮ್ಮ ಪುಟ್ಟ ಕಾರು ಕೊಕ್ಕರೆ ಕಾಲಿನ ಮೇಲೆ ನಿಂತ ಹಾಗೆ ಕಾಣುತ್ತಿತ್ತು. ಎರಡು ಬೆರಳಿನಷ್ಟಾದರೂ ತಗ್ಗಿಸಬೇಕೆಂದು ವರ್ಷದಿಂದ ಜಪ ಮಾಡುತ್ತಿದ್ದ. ಕಾರಿನ ಜೊತೆ ಬಂದ ಸ್ಪ್ರಿಂಗ್ ಬಿಚ್ಚಿ ಹೊರಗಿನ ಗಿಡ್ಡ ಸ್ಪ್ರಿಂಗ್ ಹಾಕಿಸುವುದು ಈ ಊರಿನ ಗಂಡಸರಿಗೆ ಹೊಸದಲ್ಲ. ಹೆದ್ದಾರಿ ಪಕ್ಕದ ಕುರೆಬಾಯಾಶಿಯ ಅಂಗಡಿ ನಲವತ್ತು ವರ್ಷದಿಂದ ನಡೆಯುತ್ತಿರುವುದೇ ಅದರಿಂದ. ನವೆಂಬರಿನಲ್ಲಿ ಅಲ್ಲಿಯೇ ಹಾಕಿಸಿದ. ಎರಡೇ ವಾರದಲ್ಲಿ ಸದ್ದು ಶುರುವಾಯಿತು.

ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ನಾನೇ ಅಂಗಡಿಗೆ ಹೋದೆ. ಕುರೆಬಾಯಾಶಿ ಕಾರಿನ ಕಡೆಗೆ ಬಗ್ಗಿಯೂ ನೋಡಲಿಲ್ಲ.

“ಗಿಡ್ಡ ಸ್ಪ್ರಿಂಗ್ ಅಂದ್ರೆ ಸ್ವಲ್ಪ ಮಾತಾಡತ್ತೆ ಅಮ್ಮಾವ್ರೇ. ಕಾರು ಸರಿಯಾಗೇ ಇದೆ. ಮಗು ಆದ್ಮೇಲೆ ಹೆಂಗಸರಿಗೆ ಕಿವಿ ಚುರುಕಾಗಿಬಿಡತ್ತೆ. ನಮ್ಮನೇಲೂ ಹಾಗೇ ಇತ್ತು. ಬಿಸಿಬಿಸಿ ಚಹಾ ಕುಡಿದು ಮಲಗಿ, ಸದ್ದು ನಿಲ್ಲತ್ತೆ.”

ಕೌಂಟರಿನ ಹಿಂದಿದ್ದ ಇಬ್ಬರು ನಕ್ಕರು. ನಾನೂ ನಕ್ಕೆ. ನಗೊಯಾದಲ್ಲಿ ಓದಿ ಬೆಳೆದವಳು ನಾನು, ಕಾರಿನ ಹೊಟ್ಟೆಯಲ್ಲಿ ಏನಿರುತ್ತದೆಂದು ಗೊತ್ತಿಲ್ಲ, ನಾಲ್ಕು ಜನರ ಮುಂದೆ ಬಾಯಿಯೂ ಬರುವುದಿಲ್ಲ. ಮನೆಗೆ ಬಂದು ಮೂಲಂಗಿ ಕೊಚ್ಚುತ್ತಾ, ಅವನಿಗೆ ಹೇಳಬಹುದಾಗಿದ್ದ ಮಾತನ್ನೆಲ್ಲ ಮೂಲಂಗಿಗೆ ಹೇಳಿದೆ.

ಶೆಡ್ಡಿನ ದಾರಿ ತೋರಿಸಿದ್ದು ಶಿಶುವಿಹಾರದ ಅಡುಗೆಯಾಕೆ. “ಮುಚ್ಚಿದ ನೇಯ್ಗೆ ಕಾರ್ಖಾನೆ ಹಿಂದೆ ಒಬ್ಬಳಿದ್ದಾಳೆ, ಕಿನುಯೆ ಅಂತ. ಗದ್ದೆ ಉಳೋ ಟಿಲ್ಲರ್ ಕೆಟ್ಟವರು ಹೋಗ್ತಾರೆ, ಕಾರಿನವರು ಹೋಗಲ್ಲ. ಯಾಕೆ ಅಂತ ನನ್ನನ್ನ ಕೇಳ್ಬೇಡಿ. ಆದ್ರೆ ಕೆಲಸ ಗೊತ್ತು.”

ಕಿನುಯೆ ತೆರಾದಾಳಿಗೆ ಐವತ್ತೇಳು ವರ್ಷ. ಗಂಡಸರ ನೀಲಿ ಕೆಲಸದುಡುಪು, ತಲೆಗೆ ಬಿಗಿದ ಟವೆಲ್, ಬೆರಳುಗಳು ಮಾತ್ರ ನೂಲು ಹೊಸೆಯುವವರ ಹಾಗೆ ಸಪೂರ. ಆ ಕಾರ್ಖಾನೆ ಅವಳ ಅಪ್ಪನದೇ ಆಗಿತ್ತು. ಮಗ್ಗಗಳು ಗುಜರಿಗೆ ಹೋದ ವರ್ಷ, ಹತ್ತೊಂಬತ್ತು ತುಂಬಿದ ಹುಡುಗಿ, ಮಗ್ಗದ ಸಾಮಾನಿನ ಪೆಟ್ಟಿಗೆ ಹೊತ್ತುಕೊಂಡು ಮೆಕ್ಯಾನಿಕ್ ಕೆಲಸ ಕಲಿಯಲು ಹೊರಟಿದ್ದಳು. ಈಗ ಬೆಳಿಗ್ಗೆ ತರಕಾರಿ ಮಾರುಕಟ್ಟೆಯ ಫೋರ್ಕ್‌ಲಿಫ್ಟುಗಳನ್ನು ನೋಡಿಕೊಳ್ಳುತ್ತಾಳೆ, ಮಧ್ಯಾಹ್ನ ಶೆಡ್ಡಿನಲ್ಲಿ ಟಿಲ್ಲರ್ ಬಿಚ್ಚುತ್ತಾಳೆ. ಇಷ್ಟನ್ನೂ ನಾನು ತಿಳಿದದ್ದು ಆಮೇಲೆ. ಅವತ್ತು ಅವಳು ಕಾರನ್ನು ಜಾಕಿನ ಮೇಲೆ ಎತ್ತಿ, ಚಕ್ರ ಬಿಚ್ಚಿ, ಒಳಗೆ ಟಾರ್ಚು ಬಿಟ್ಟಳು.

“ಕುರೆಬಾಯಾಶಿ ಹಾಕಿದ್ದಾ?”

“ಹೌದು. ಹೇಗೆ ಗೊತ್ತಾಯ್ತು ಅಕ್ಕ?”

“ಅವನ ಗೆರೆ ಇದೆಯಲ್ಲ. ಬಾ, ಬಗ್ಗಿ ನೋಡು. ಮಗೂನ ಆ ಟೈರಿನ ಮೇಲೆ ಕೂರಿಸು, ಅದು ಒರೆಸಿದ್ದೀನಿ.”

ಶಾಕ್ ಅಬ್ಸಾರ್ಬರಿನ ಬುಡವನ್ನು ಚಕ್ರ ಕೂರುವ ಗುಂಬಕ್ಕೆ ಹಿಡಿದಿಡುವ ಎರಡು ದಪ್ಪ ಬೋಲ್ಟುಗಳು. ಪ್ರತಿಯೊಂದರ ನಟ್ಟಿನಿಂದ ಬೋಲ್ಟಿನ ತುದಿಯವರೆಗೆ ಬಿಳಿ ಬಣ್ಣದ ಒಂದು ನೇರ ಗೆರೆ. ಸ್ಪ್ರಿಂಗ್ ಬದಲಿಸುವಾಗ ಈ ಬೋಲ್ಟು ಬಿಚ್ಚಲೇಬೇಕು. ಮತ್ತೆ ಹಾಕುವಾಗ ಮೊದಲು ಕೈಬಿಗಿ, ಎಲ್ಲ ಕೂತ ಮೇಲೆ ಪೂರ್ತಿ ಬಿಗಿ, ಅದಾದ ಮೇಲೆಯೇ ಗೆರೆ. ಗೆರೆ ಎಳೆದೆನೆಂದರೆ ‘ಬಿಗಿ ಮಾಡಿದ್ದೇನೆ, ಇದಕ್ಕೆ ನಾನು ಹೊಣೆ’ ಎಂದು ರುಜು ಹಾಕಿದ ಹಾಗೆ. ಆಮೇಲೆ ಯಾರು ನಟ್ಟು ತಿರುಗಿಸಿದರೂ ಗೆರೆ ಮುರಿದು ಎರಡಾಗುತ್ತದೆ, ಕಣ್ಣಿಗೆ ಕಾಣುತ್ತದೆ.

“ಗೆರೆ ಮುರಿದಿಲ್ಲ ಅಲ್ವಾ?” ಎಂದಳು ಕಿನುಯಕ್ಕ. ಚಕ್ರದ ಗುಂಬವನ್ನು ಎರಡು ಕೈಯಿಂದ ಹಿಡಿದು ಅಲುಗಿಸಿದಳು. ಟಕ್. “ಕೈಬಿಗೀಲೇ ಗೆರೆ ಎಳೆದಿದ್ದಾನೆ. ಊಟದ ಹೊತ್ತಾಗಿರತ್ತೆ, ಬಂದು ಬಿಗಿ ಮಾಡೋಣ ಅಂದ್ಕೊಂಡಿರ್ತಾನೆ. ಬಂದಾಗ ಗೆರೆ ಕಾಣಿಸಿರತ್ತೆ, ಬಿಗಿ ಆಗಿದೆ ಅಂತ ಬಿಟ್ಟಿರ್ತಾನೆ. ಇನ್ನೂ ಅದೇ ಚಾಳಿ.”

“ಇನ್ನೂ ಅಂದ್ರೆ?”

ಅವಳು ಕೆಲಸ ಕಲಿತದ್ದೇ ಕುರೆಬಾಯಾಶಿಯ ಹತ್ತಿರ. ಹತ್ತೊಂಬತ್ತು ವರ್ಷ ಅಲ್ಲಿ ದುಡಿದಳು. ಯಜಮಾನನ ಗೆರೆ ಬಿಳಿ, ಅವಳದ್ದು ಹಳದಿ. ಹತ್ತೊಂಬತ್ತನೆಯ ವರ್ಷ, ಕಿತ್ತಳೆ ತೋಟದ ಮುರಾಮಾತ್ಸು ಎನ್ನುವವರ ಹೆಂಡತಿ ಅಲ್ಲಿಂದ ಕಾರು ಬಿಡಿಸಿಕೊಂಡು ಹೋದ ಮೂರನೆಯ ದಿನ ಚಕ್ರ ಮಡಚಿಕೊಂಡು ಕಾಲುವೆಗೆ ಬಿದ್ದರು. ಜೀವ ಉಳಿಯಿತು, ಬಲ ಹೆಗಲು ಮುರಿಯಿತು. ಆ ಕೈ ಮತ್ತೆ ಕಿತ್ತಳೆ ಕೊಂಬೆಯವರೆಗೆ ಏಳಲೇ ಇಲ್ಲ. ಆ ಚಕ್ರದ ಕೆಲಸ ಮಾಡಿದ್ದು ಯಜಮಾನ. ಆದರೆ ಬೋಲ್ಟನ್ನು ತಂದು ಮುರಾಮಾತ್ಸುವಿಗೆ ತೋರಿಸಿದಾಗ ಅದರ ಮೇಲೆ ಯಾವ ಗೆರೆಯೂ ಇರಲಿಲ್ಲ. ಬಣ್ಣ ಅಳಿಸುವ ಥಿನ್ನರಿನ ವಾಸನೆ ಇತ್ತು.

“‘ಈ ಹುಡುಗಿ ಗೆರೆ ಹಾಕೋದೇ ಮರೆತಿದ್ದಾಳೆ, ಬಿಗಿ ಮಾಡೋದನ್ನೂ ಮರೆತಿದ್ದಾಳೆ’ ಅಂದ. ನಾನು ಬಾಯಿ ತೆಗೆಯೋಷ್ಟರಲ್ಲಿ ಇಲ್ಲಿ ಕೈ ಇಟ್ಟ.” ಅವಳು ತನ್ನ ಹಿಂಗುತ್ತಿಗೆ ಮುಟ್ಟಿ ತೋರಿಸಿದಳು. “ಒತ್ತಿ ಬಗ್ಗಿಸಿದ. ಮುರಾಮಾತ್ಸು ಅವರ ಚಪ್ಪಲಿ ಬಿಟ್ರೆ ನನಗೇನೂ ಕಾಣ್ಲಿಲ್ಲ. ತಾನೂ ಪಕ್ಕದಲ್ಲೇ ಬಗ್ಗಿದ, ದೊಡ್ಡ ಮನುಷ್ಯನ ಹಾಗೆ. ಬಗ್ಗಿದವಳು ತಪ್ಪು ಒಪ್ಪಿದ ಹಾಗಾಯ್ತಲ್ಲ. ಆವತ್ತಿಂದ ಇವತ್ತಿನವರೆಗೆ ನನ್ನ ಕೈಗೆ ಒಬ್ಬರೂ ಕಾರು ಕೊಟ್ಟಿಲ್ಲ. ನೀನೇ ಮೊದಲು.”

ಮುರಾಮಾತ್ಸುವನ್ನು ಅವಳು ವಾರಕ್ಕೆ ಆರು ದಿನ ಮಾರುಕಟ್ಟೆಯಲ್ಲಿ ನೋಡುತ್ತಾಳಂತೆ. ಆರು ದಿನವೂ ‘ಶುಭೋದಯ’ ಎನ್ನುತ್ತಾಳೆ. ಅವರು ಮುಖ ತಿರುಗಿಸುತ್ತಾರೆ. ಹಾಗೆಯೇ ಹತ್ತೊಂಬತ್ತು ವರ್ಷ.

ಅವಳು ಪಾನಾ ಎತ್ತಿಕೊಂಡಳು, ಮತ್ತೆ ಕೆಳಗಿಟ್ಟಳು.

“ನೋಡಮ್ಮ, ಎರಡು ದಾರಿ ಇದೆ. ಈಗ್ಲೇ ಬಿಗಿ ಮಾಡ್ಕೊಡ್ತೀನಿ, ಹತ್ತು ನಿಮಿಷ. ನೆಮ್ಮದಿಯಾಗಿ ಮನೆಗೆ ಹೋಗು. ಇಲ್ಲಾಂದ್ರೆ ಇದನ್ನ ಹೀಗೇ, ಮುಟ್ಟದೆ, ಹದಿನಾರು ದಿನ ಇಲ್ಲಿ ಬಿಡು. ವರ್ಷದ ಕೊನೇ ಭಾನುವಾರ ಅವನ ಅಂಗಡೀಲಿ ಗಿರಾಕಿಗಳ ಹಬ್ಬ. ಮುರಾಮಾತ್ಸು ಬರ್ತಾರೆ, ಪ್ರತಿವರ್ಷ ಹೊಸ ವರ್ಷದ ಮೋಚಿ ಕಡುಬಿಗೆ ಅಂಟಕ್ಕಿ ಕುಟ್ಟೋಕೆ ಮೊದಲ ಕೊಡತಿ ಅವರದ್ದೇ. ಅವರೆದುರಿಗೆ, ಆ ಬೋಲ್ಟಿನ ಗೆರೆ ಯಾವ ಬಣ್ಣದ್ದಿತ್ತು ಅಂತ ಅವನ ಬಾಯಿಂದ್ಲೇ ಬರ್ಬೇಕು. ನನಗೆ ಬೇಕಾಗಿರೋದು ಅದೊಂದೇ. ಆದ್ರೆ ನಾನು ಹೋದ್ರೆ ಗೇಟಲ್ಲೇ ತಡೀತಾನೆ. ಗಿರಾಕಿ ನೀನು. ನೀನು ಕೇಳ್ಬೇಕು.”

ಹದಿನಾರು ದಿನ ಸೈಕಲ್ಲು, ಡಿಸೆಂಬರಿನ ಪಡುವಣ ಗಾಳಿ, ಮಗುವಿಗೆ ಆಗಲೇ ಸಣ್ಣ ಕೆಮ್ಮು. ನಾನು ಸಣ್ಣ ನೆಗಡಿಗೂ ಆಸ್ಪತ್ರೆಗೆ ಓಡುವವಳು. ‘ಈಗಲೇ ಬಿಗಿ ಮಾಡಿಕೊಡಿ’ ಎನ್ನಲು ಬಾಯಿ ತೆರೆದೆ. ಬಂದ ಮಾತೇ ಬೇರೆ.

“ಅವತ್ತು ಅವರೆಲ್ಲ ನಕ್ಕಾಗ ನಾನೂ ನಕ್ಕೆ ಅಕ್ಕ,” ಎಂದೆ. “ಬಿಡ್ತೀನಿ ಕಾರು.”

ಶುನ್‌ಸಾಕು ಮನೆಯಲ್ಲಿ ಕೂಗಾಡಿದ. ಗುಂಬ ಅಲುಗಿದ್ದನ್ನು ಹೇಳಿದ ಮೇಲೆ ತಾನೇ ಹೋಗಿ ಸೈಕಲ್ಲಿಗೆ ಗಾಳಿ ತುಂಬಿದ. ಸ್ಪ್ರಿಂಗ್ ಬೇಕೆಂದದ್ದು ತಾನೇ ಎಂಬುದು ನೆನಪಾಗಿರಬೇಕು. ನಾನು ಮಗುವಿಗೆ ಮೂರು ಪದರ ಉಣ್ಣೆ ತೊಡಿಸಿ, ಹಣೆ ಮುಟ್ಟಿ ಮುಟ್ಟಿ ನೋಡುತ್ತಾ, ಗಾಳಿಗೆ ಎದುರಾಗಿ ಪೆಡಲ್ ತುಳಿದೆ. ಪ್ರತಿ ತುಳಿತಕ್ಕೂ ಆ ಮನುಷ್ಯನ ‘ಬಿಸಿಬಿಸಿ ಚಹಾ’ ನೆನಪಾಗುತ್ತಿತ್ತು. ಬೇರೆ ಯಾವುದರಿಂದಲೂ ಅಷ್ಟು ಶಕ್ತಿ ಬರುತ್ತಿರಲಿಲ್ಲ.

ಭಾನುವಾರ ಅಂಗಡಿಯ ಅಂಗಳದಲ್ಲಿ ಐವತ್ತು ಅರವತ್ತು ಜನ. ಕುರೆಬಾಯಾಶಿಯ ಹೆಂಡತಿ ದೊಡ್ಡ ಹಂಡೆಯಿಂದ ಹಂದಿಮಾಂಸದ ಸಾರು ಬಡಿಸುತ್ತಿದ್ದರು. ಮುರಾಮಾತ್ಸು ತಾತ, ಎಪ್ಪತ್ತೆಂಟರ ಗಟ್ಟಿ ಆಳು, ಒರಳಿನಲ್ಲಿದ್ದ ಬಿಸಿ ಅಂಟಕ್ಕಿಯ ಮೇಲೆ ಕೊಡತಿ ಎತ್ತಿದ್ದರು. ನಮ್ಮ ಕಾರು ಟೋ ಲಾರಿಯ ಬೆನ್ನೇರಿ ಬಂತು.

“ಏನು ಅಮ್ಮಾವ್ರೇ, ಕಾರಿಗೆ ಮೆರವಣಿಗೆ ಮಾಡಿಸ್ತಿದ್ದೀರಾ?” ಎಂದ ಕುರೆಬಾಯಾಶಿ. ಜನ ನಕ್ಕರು.

ನಾನು ಮಗುವಿನ ಕಟ್ಟನ್ನು ಬಿಗಿದುಕೊಂಡೆ. ಅದು ಬೆನ್ನ ಮೇಲೆ ಕುಂಯ್‌ಗುಟ್ಟಿತು. “ಸದ್ದು ನಿಂತಿಲ್ಲ. ಓಡಿಸೋಕೆ ಭಯ. ಎತ್ತಿ ನೋಡಿ, ದಯವಿಟ್ಟು,” ಎಂದೆ.

ಅಷ್ಟು ಜನರ ಮುಂದೆ ಇಲ್ಲವೆನ್ನಲಾಗುತ್ತದೆಯೇ. “ಆಗ್ಲಿ, ಅಮ್ಮಾವ್ರ ಕಿವಿಗೆ ಸಮಾಧಾನ ಮಾಡೋಣ,” ಎಂದು ಅವನೇ ಕಾರನ್ನು ಲಿಫ್ಟಿಗೆ ಏರಿಸಿದ, ಚಕ್ರ ಬಿಚ್ಚಿದ, ಹಬ್ಬದ ಆಟ ತೋರಿಸುವವನ ಹಾಗೆ ಕೈಬೀಸಿ ಜನರನ್ನು ಕರೆದ.

ಕಿನುಯಕ್ಕ ಹೇಳಿಕೊಟ್ಟಿದ್ದ ಮಾತನ್ನು ಕೇಳಿದೆ. “ಈ ಬಿಳಿ ಗೆರೆ ನಿಮ್ಮದೇನಾ?”

“ನನ್ನದೇ. ಕೂದಲೆಳೆಯಷ್ಟೂ ಕದಲಿಲ್ಲ ನೋಡಿ. ಅಂದ್ರೆ ಇಲ್ಲಿಂದ ಹೋದ್ಮೇಲೆ ಯಾರೂ ಇದಕ್ಕೆ ಪಾನಾ ಹಚ್ಚಿಲ್ಲ. ಈ ಕೈ ಬಿಗಿ ಮಾಡಿದ್ದು ಹಾಗ್ಹಾಗೇ ಇದೆ.”

“ಎಲ್ಲರೂ ಕೇಳಿಸ್ಕೊಂಡ್ರಲ್ಲ,” ಎಂದು ಹಿಂದಿನಿಂದ ದನಿ ಬಂತು. ಕಿನುಯಕ್ಕ ಟೋ ಲಾರಿಯಿಂದ ಇಳಿದಿದ್ದಳು. ಕೈಯಲ್ಲಿ ಟವೆಲ್ ಸುತ್ತಿದ ಟಾರ್ಕ್ ಪಾನಾ. ನಿಗದಿಯಷ್ಟು ಬಿಗಿ ಇದ್ದರೆ ನಟ್ಟು ಕದಲುವ ಮುಂಚೆಯೇ ಅದು ಕಟ್ ಎನ್ನುತ್ತದೆ.

“ನಿನ್ನನ್ನ ಯಾರು ಕರೆದ್ರು?” ಎಂದ ಕುರೆಬಾಯಾಶಿ.

“ನಾನು,” ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಕಿನುಯಕ್ಕ ಪಾನಾ ಹಚ್ಚಿ ಎಳೆದಳು. ಕಟ್ ಎನ್ನಲಿಲ್ಲ. ನಟ್ಟು ತಿರುಗಿತು. ನಟ್ಟಿನ ಮೇಲಿನ ಬಿಳಿ, ಬೋಲ್ಟಿನ ಮೇಲಿನ ಬಿಳಿಯನ್ನು ಬಿಟ್ಟು ಸರಿಯಿತು. ಕಾಲು ಸುತ್ತು, ಅರ್ಧ ಸುತ್ತು. ಆಮೇಲೆ ಕಟ್. ಎರಡನೆಯದೂ ಹಾಗೆಯೇ. ಸಾರಿನ ಬಟ್ಟಲು ಹಿಡಿದು ನಿಂತವರು ಯಾರೂ ನಗಲಿಲ್ಲ. ಅವರಲ್ಲಿ ಅರ್ಧ ಜನರ ಕಾರಿನ ಕೆಳಗೆ ಅದೇ ಬಿಳಿ ಗೆರೆ ಇತ್ತು.

ಕುರೆಬಾಯಾಶಿಯ ಮುಖ ಬೆಂದ ಹಿಟ್ಟಿನ ಬಣ್ಣಕ್ಕೆ ತಿರುಗಿತು. ಆದರೆ ಹಳೆಯ ಹುಲಿ. ನನ್ನೆದುರು ಬಂದು ಸೊಂಟ ಮಡಚಿ ತಲೆ ತಗ್ಗಿಸಲು ಹೊರಟ. ಆಳವಾಗಿ ಬಗ್ಗಿ, ಹತ್ತೆಣಿಸುವಷ್ಟು ಹೊತ್ತು ಹಾಗೇ ಇದ್ದರೆ ಆಯಿತು, ಎಂಥ ತಪ್ಪೂ ಅಲ್ಲಿಗೆ ಮುಗಿದ ಹಾಗೆ. ನಾನೂ ಪ್ರತಿಯಾಗಿ ಬಗ್ಗಬೇಕಾಗುತ್ತಿತ್ತು.

ಕಿನುಯಕ್ಕ ಅವನ ಹಿಂಗುತ್ತಿಗೆಗೆ ಕೈ ಹಾಕಿದಳು. ಒತ್ತಲಿಲ್ಲ. ಕಾಲರ್ ಹಿಡಿದು ಮೇಲಕ್ಕೆ ಎತ್ತಿದಳು.

“ಬಗ್ಗಬೇಡಿ ಯಜಮಾನ್ರೇ. ಬಗ್ಗಿದ್ರೆ ಮುಖ ಕಾಣಲ್ಲ. ಅವತ್ತು ನನ್ನ ಮುಖಾನೂ ಯಾರಿಗೂ ಕಾಣ್ಲಿಲ್ಲ. ನೆಟ್ಟಗೆ ನಿಂತು ಹೇಳಿ. ಮುರಾಮಾತ್ಸು ಅವರ ಮನೆಯವರ ಕಾರಿನ ಬೋಲ್ಟು. ಥಿನ್ನರಲ್ಲಿ ಒರೆಸೋಕೆ ಮುಂಚೆ ಅದರ ಗೆರೆ ಯಾವ ಬಣ್ಣ?”

“ಹಳೇ ಕಾಲದ ವಿಷಯ, ಈಗ ಯಾಕೆ...”

“ಥಿನ್ನರಾ?” ಎಂದರು ಮುರಾಮಾತ್ಸು ತಾತ. ಕೊಡತಿ ಇನ್ನೂ ಕೈಯಲ್ಲೇ ಇತ್ತು.

ಹಂಡೆಯ ಹಿಂದೆ ಸೌಟು ಸದ್ದಾಯಿತು. ಕುರೆಬಾಯಾಶಿಯ ಹೆಂಡತಿ ಅದನ್ನು ಹಂಡೆಯ ಅಂಚಿಗೆ ಒರಗಿಸಿ, ಏಪ್ರನ್ನಿಗೆ ಕೈ ಒರೆಸಿಕೊಂಡರು. “ಹೇಳ್ರೀ,” ಎಂದರು, ಸಾರಿಗೆ ಉಪ್ಪು ಸಾಕೇ ಎಂದು ಕೇಳುವ ದನಿಯಲ್ಲಿ. “ಆ ಒರೆಸಿದ ಬಟ್ಟೆ ಒಗೆದಿದ್ದು ನಾನು. ಅವತ್ತು ಕೇಳಿದ್ದಕ್ಕೆ ಚಹಾ ಕುಡಿದು ಮಲಗು ಅಂದ್ರಿ.”

ಅವನು ಮತ್ತೆ ತಲೆ ತಗ್ಗಿಸಲು ನೋಡಿದ. ಕಾಲರ್ ಹಿಡಿದ ಕೈ ಬಿಡಲಿಲ್ಲ.

“ಬಿಳಿ.”

“ಹಿಂದೆ ನಿಂತವರಿಗೆ ಕೇಳಿಸ್ಲಿಲ್ಲ ಯಜಮಾನ್ರೇ.”

“ಬಿಳಿ. ನನ್ನದು. ಕಿನುಯೆ ಆ ಚಕ್ರ ಮುಟ್ಟಿರ್ಲಿಲ್ಲ.”

ಅವಳು ಕೈ ಬಿಟ್ಟಳು. ಬೆರಳುಗಳನ್ನು ಟವೆಲ್ಲಿಗೆ ಒರೆಸಿಕೊಂಡಳು, ಒಂದೊಂದನ್ನೇ. ನನ್ನ ಕಡೆ ತಿರುಗಿ, “ಕಾರು ಲಾರಿಗೆ ಹತ್ಸೋಣ. ಉಳಿದ ಮೂರು ಚಕ್ರ ಶೆಡ್ಡಲ್ಲಿ ನೋಡ್ತೀನಿ,” ಎಂದಳು. ನನಗೆ ಅಳು ಬರಬೇಕಿತ್ತು. ಬರಲಿಲ್ಲ. ಕೌಂಟರಿನ ಹಿಂದೆ ನಕ್ಕಿದ್ದ ಆ ಇಬ್ಬರನ್ನು ಹುಡುಕಿ, ಅವರ ಮುಖವನ್ನು ತೃಪ್ತಿಯಾಗುವವರೆಗೆ ನೋಡಿದೆ.

ಆ ಸಂಜೆಯೊಳಗೆ ಅವಳು ಎಲ್ಲ ಬೋಲ್ಟುಗಳನ್ನೂ ಬಿಗಿ ಮಾಡಿದಳು, ಹಿಂದಿನ ಚಕ್ರಗಳನ್ನು ಜೋಡಿಸುವ ತೊಲೆಯ ಬೋಲ್ಟುಗಳನ್ನು ಮಾತ್ರ ಕಾರು ತನ್ನ ಭಾರದಲ್ಲಿ ನೆಲದ ಮೇಲೆ ಕೂತ ಮೇಲೆಯೇ. ಮುರಿದ ಬಿಳಿ ಗೆರೆಗಳನ್ನು ಒರೆಸಲಿಲ್ಲ. ಪಕ್ಕದಲ್ಲೇ ಹಳದಿಯದನ್ನು ಎಳೆದಳು. “ಇದನ್ನ ಯಾರೂ ಅಳಿಸದ ಹಾಗೆ ನೋಡ್ಕೋ,” ಎಂದಳು. ಹಳಿ ದಾಟುವಾಗ ಈಗ ಸದ್ದಿಲ್ಲ. ನಾನು ಉಸಿರು ಹಿಡಿಯುವುದು ಮಾತ್ರ ಬಿಟ್ಟಿಲ್ಲ.

ಮರುದಿನ ಮುರಾಮಾತ್ಸು ತಾತ ಒಂದು ಪೆಟ್ಟಿಗೆ ಕಿತ್ತಳೆ ಹೊತ್ತು ಶೆಡ್ಡಿಗೆ ಬಂದರು. ನಾನು ಅಲ್ಲೇ ಇದ್ದೆ. ಅವಳು ಒಳಗೆ ಬನ್ನಿ ಎನ್ನಲಿಲ್ಲ. ಅವರು ಗಾಳಿಯಲ್ಲಿ ನಿಂತೇ, “ಏನು ಮಾಡಿದ್ರೆ ಸರಿಹೋಗತ್ತೆ ಕಿನುಯೆ?” ಎಂದರು.

“ಹತ್ತೊಂಬತ್ತು ವರ್ಷ ದಿನಾ ಬೆಳಿಗ್ಗೆ ನಾನು ಮಾತಾಡ್ಸಿದ್ದೀನಿ. ಇನ್ಮೇಲೆ ನೀವು ಮಾತಾಡ್ಸಿ. ಉತ್ತರ ಯಾವತ್ತು ಕೊಡೋದು ಅಂತ ನಾನು ನೋಡ್ತೀನಿ.”

ಕಿತ್ತಳೆಯನ್ನೆಲ್ಲ ನನ್ನ ಮಗಳಿಗೆ ಕೊಟ್ಟಳು, ತಾನು ಒಂದನ್ನೂ ಸುಲಿಯಲಿಲ್ಲ. ಈಗ ಅವಳ ಶೆಡ್ಡಿನ ಮುಂದೆ ಕಾರುಗಳು ಸಾಲು ನಿಂತಿರುತ್ತವೆ, ಎಲ್ಲವೂ ಬಿಳಿ ಗೆರೆಯವು. ತರಕಾರಿಗೆಂದು ಬೆಳಿಗ್ಗೆ ಮಾರುಕಟ್ಟೆಗೆ ಹೋದಾಗ ನಾನು ಬೇಕೆಂದೇ ಫೋರ್ಕ್‌ಲಿಫ್ಟುಗಳ ಕಡೆ ಸುತ್ತಿಕೊಂಡು ಬರುತ್ತೇನೆ. ಮುರಾಮಾತ್ಸು ತಾತ ಟೊಪ್ಪಿಗೆ ತೆಗೆದು ‘ಶುಭೋದಯ’ ಎನ್ನುತ್ತಾರೆ. ಕಿನುಯಕ್ಕ ಎಂಜಿನ್ನಿನಿಂದ ಎಣ್ಣೆ ಅಳೆಯುವ ಕಡ್ಡಿ ಎಳೆದು, ಬೆಳಕಿಗೆ ಹಿಡಿದು, ಮಟ್ಟ ನೋಡುತ್ತಾಳೆ.