ಬಾಡಿಗೆ ಮನೆಯ ತಂಗಿ

ಹೊಸಪೇಟೆಯಲ್ಲಿ ಮನೆ ಹುಡುಕುವಾಗ ಉಚ್ಚೆಂಗಮ್ಮನಿಗೆ ಎದುರಾಗುತ್ತಿದ್ದ ಮೊದಲ ಪ್ರಶ್ನೆ ಬಾಡಿಗೆಯದಲ್ಲ. "ನೀವು ಯಾವ ಪೈಕಿ?" ಎನ್ನುವುದು. ಮೆಟ್ರಿಯಿಂದ ಬಂದ ಅವಳು ಇದ್ದದ್ದನ್ನು ಇದ್ದಂತೆ ಹೇಳುವ ಹೆಣ್ಣು. "ಬೌದ್ಧರು" ಅನ್ನುತ್ತಿದ್ದಳು. ಅಷ್ಟಕ್ಕೆ ಬಿಟ್ಟರೆ ಅವರು ಮನೆಯೊಡೆಯರೇ? "ಅದಕ್ಕಿಂತ ಮೊದ್ಲು?" ಎಂದು ಕೆದಕುತ್ತಿದ್ದರು. ಉತ್ತರ ಕಿವಿಗೆ ಬಿದ್ದ ಕೂಡಲೇ ಆ ಖಾಲಿ ಮನೆಗೆ ಯಾರೋ ಬೀಗರು ಬರುವವರಿರುತ್ತಿದ್ದರು.

ಮೂಕಣ್ಣ ಒಬ್ಬನೇ ಕೇಳಲಿಲ್ಲ. ಅದಿರಿನ ಲಾರಿ ಓಡಿಸುತ್ತಿದ್ದ ಸಣ್ಣ ಧಣಿ. ಎರಡು ಕೋಣೆಯ ಮನೆಯ ಕೀಲಿ ಕೈಗಿಟ್ಟು, "ನನಗ ತಂಗಿ ಇಲ್ಲವ್ವ, ನೀನ ತಂಗಿ ಅನ್ಕಂತೀನಿ" ಅಂದ. ಬರೀ ಬಾಯಿಮಾತಲ್ಲ, ಪಂಚಮಿ ಬಂದರೆ ಅವನ ಹೆಂಡತಿ ಕರೆದು ಉಡಿ ತುಂಬುತ್ತಿದ್ದಳು. ಗಂಡ ಕಾಳಪ್ಪ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಪಾಳಿಗೆ ಹೋದರೆ ಉಚ್ಚೆಂಗಮ್ಮ ಬಾಗಿಲ ಬೆಳಕಿನಲ್ಲಿ ರವಿಕೆ ಹೊಲಿಯುತ್ತಿದ್ದಳು. ಓಣಿಯ ಹೆಂಗಸರೆಲ್ಲ ಅವಳಿಗೇ ಅಳತೆ ಕೊಟ್ಟರು. ಬಾಡಿಗೆಯನ್ನು ತಿಂಗಳು ತಪ್ಪದೆ ಕೈಯಲ್ಲೇ ಕೊಟ್ಟಳು. ಅಣ್ಣನ ಹತ್ತಿರ ರಸೀದಿ ಕೇಳುವುದುಂಟೆ?

ಆಮೇಲೆ ಮೂಕಣ್ಣನಿಗೆ ಇನ್ನೊಂದು ಲಾರಿಯ ಆಸೆ ಹತ್ತಿತು. ಅವಳಿದ್ದ ಮನೆಯನ್ನೇ ಅಡವಿಟ್ಟು ಸಾಲ ಎತ್ತಲು ಹೊರಟ. ಬ್ಯಾಂಕಿನವರು ಮನೆ ನೋಡಲು ಬರುವ ಮುಂಜಾನೆ ಓಡಿ ಬಂದು, "ಬಾಡಿಗಿ ಮಂದಿ ಅದಾರ ಅಂದ್ರ ಸಾಲ ಹುಟ್ಟಂಗಿಲ್ಲವ್ವ. ಕೇಳಿದ್ರ ನಮ್ಮ ತಂಗಿ ಅನ್ನು" ಅಂದ. ಅವಳು ಹಾಗೇ ಅಂದಳು. ಅದರಲ್ಲಿ ಸುಳ್ಳೇನು ಬಂತು? ಬಂದವರಿಗೆ ಚಹಾ ಮಾಡಿ ಕೊಟ್ಟು ಕಳಿಸಿದಳು.

ಲಾರಿ ನಿಂತಿತು, ಕಂತು ನಿಂತಿತು, ಮನೆ ಜಪ್ತಿಯ ನೋಟಿಸು ಬಾಗಿಲಿಗೆ ಅಂಟಿತು. ಮೂಕಣ್ಣ ಸಂಡೂರಿನ ಮಾವನ ಮನೆ ಸೇರಿಕೊಂಡ. ಉಪ್ಪು ತಿಂದವನು ಅವನು, ನೀರು ಕುಡಿಯುವ ಸರದಿ ಇವಳದು.

ಕೋರ್ಟಿನ ಆವರಣದಲ್ಲಿ ಹೆಂಗಸರಿಗೆ ಪುಕ್ಕಟೆ ವಕೀಲರನ್ನು ಕೊಡುತ್ತಾರೆಂದು ಕೇಳಿ ಅಲ್ಲಿಗೆ ಹೋದಳು. ಶಿಲ್ಪಶ್ರೀ ಎಂಬ ವಕೀಲೆ ಎಲ್ಲವನ್ನೂ ಸಾವಧಾನವಾಗಿ ಕೇಳಿದಳು.

"ಸಾಲ ಆಗೋಕಿಂತ ಮೊದ್ಲ ಬಾಡಿಗಿಗೆ ಇದ್ರಿ ಅಂತ ತೋರಿಸಿದ್ರ ಸಾಲ ವಸೂಲಿ ನ್ಯಾಯಮಂಡಳಿಗೆ ಹೋಗಬಹುದು. ನಿಮ್ಮ ಮಾತು ಕೇಳೋ ತನಕ ಹೊರಗ ಹಾಕಬ್ಯಾಡ್ರಿ ಅಂತ ತಡೆ ಕೇಳೋಣ. ಮನಿ ಕಾಯಂ ಆಗತೈತಿ ಅಂತ ನಾ ಹೇಳಂಗಿಲ್ಲ. ಆದ್ರ ಬ್ಯಾಂಕಿನ ವರದಿಯಾಗ ನೀವು ಮಾಲಕರ ತಂಗಿ ಅಂತ ಐತಿ. ತಂಗಿ ಅಂದ್ರ ಈ ದಾರಿನೂ ಇಲ್ಲ. ತಂಗಿ ಅಲ್ಲ, ಬಾಡಿಗಿದಾಕಿ ಅಂತ ಪ್ರಮಾಣ ಮಾಡಬೇಕು. ಮೂಕಣ್ಣನೂ ಹೇಳಿದ್ರ ಗಟ್ಟಿ."

ಉಚ್ಚೆಂಗಮ್ಮ ಸಂಡೂರಿನ ಬಸ್ಸು ಹತ್ತಿದಳು. ಮೂಕಣ್ಣ ಅವಳನ್ನು ಹೊರಗಿನ ಕಟ್ಟೆಯ ಮೇಲೇ ಕೂರಿಸಿದ. ಮಾತು ಪೂರ್ತಿ ಕೇಳಲೂ ಇಲ್ಲ.

"ಬ್ಯಾಂಕಿಗೆ ಸುಳ್ಳು ಹೇಳೀನಿ ಅಂತ ನನ್ನ ಬಾಯಿಂದ್ಲೇ ಹೇಳಸ್ತೀಯೇನು? ತಂಗಿ ಆದಾಕಿ ಅಣ್ಣನ್ನ ಜೈಲಿಗೆ ಹಾಕಸ್ತಾಳೇನು? ಬ್ಯಾರೆ ಮನಿ ನೋಡ್ಕೊ, ಹೋಗು."

ಬೇರೆ ಮನೆ! ಎಷ್ಟು ಹಗುರಾಗಿ ಅಂದುಬಿಟ್ಟ ಪುಣ್ಯಾತ್ಮ. ಮತ್ತೆ ಅದೇ ಬಾಗಿಲುಗಳು, ಅದೇ ಪ್ರಶ್ನೆ. ತಿರುಗಿ ಬರುವಾಗ ಅವಳದು ಅತ್ತ ದರಿ ಇತ್ತ ಪುಲಿ ಎನ್ನುವ ಸ್ಥಿತಿ. ಮನೆ ಉಳಿಯಬೇಕಾದರೆ, ಆ ಮನೆ ಕೊಟ್ಟ ಅಣ್ಣನನ್ನು ಅಲ್ಲಗಳೆಯಬೇಕು.

ಮರುದಿನ ಪ್ರಮಾಣಪತ್ರಕ್ಕೆ ಸಹಿ ಹಾಕುವ ಮೊದಲು ಅವಳು ಪೆನ್ನು ಕೆಳಗಿಟ್ಟಳು. "ನಾ ಸುಳ್ಳು ಬರಸಾಕತ್ತೀನೇನ್ರಿ ಮೇಡಂ?" ಎಂದು ಕೇಳಿದಳು. "ರಕ್ತಸಂಬಂಧ ಇಲ್ಲಲ್ಲ, ಕಾನೂನಿಗೆ ಇದ ಖರೆ" ಅಂದಳು ವಕೀಲೆ. ಉಚ್ಚೆಂಗಮ್ಮ ಸಹಿ ಹಾಕಿ, ಹೊರಗೆ ಬೇವಿನ ಮರದ ಕೆಳಗೆ ಕುಳಿತು ಸೆರಗು ಬಾಯಿಗಿಟ್ಟು ಅತ್ತಳು. ಉಡಿ ತುಂಬಿದ ಮನೆಗೆ ದ್ರೋಹ ಬಗೆದೆ ಎಂದೇ ಅವಳಿಗೆ ಅನ್ನಿಸುತ್ತಿತ್ತು.

ಸಾಲಕ್ಕಿಂತ ಹಳೆಯದಾದ ಗ್ಯಾಸ್ ಪುಸ್ತಕದಲ್ಲಿ ಅದೇ ಮನೆಯ ವಿಳಾಸವಿತ್ತು. ರವಿಕೆ ಹೊಲಿಸಿಕೊಂಡ ಓಣಿಯ ಹೆಂಗಸರೂ ಅವಳು ಎಂದಿನಿಂದ ಅಲ್ಲಿ ಬಾಡಿಗೆಗಿದ್ದಾಳೆಂದು ಬರೆದುಕೊಟ್ಟರು. ಅರ್ಜಿ ತೀರ್ಮಾನವಾಗುವವರೆಗೆ ಒಕ್ಕಲೆಬ್ಬಿಸಬಾರದೆಂದು ನ್ಯಾಯಮಂಡಳಿ ತಡೆ ಕೊಟ್ಟಿತು.

ಸುದ್ದಿ ಸಂಡೂರಿಗೆ ಮುಟ್ಟಿತು. ಸಂಜೆ ಮೂಕಣ್ಣನ ಫೋನು ಬಂತು.

"ನನ್ನ ಹೆಸರು ಕೋರ್ಟಿಗೆ ಎಳದಿ. ಏನ ಆದ್ರೂ ನಿಮ್ಮ ಮಂದಿ ಬುದ್ಧಿ ಬಿಡಲಿಲ್ಲ ನೋಡು. ನಿಮ್ಮನ್ನ ಮನಿಯಾಗ ಬಿಟ್ಟುಕೊಂಡದ್ದ ನಂದು ತಪ್ಪು."

ಉಚ್ಚೆಂಗಮ್ಮನಿಗೆ ಈಗ ತಿಳಿಯಿತು. ಬಾಯಿಬಿಟ್ಟು ಕೇಳಿರಲಿಲ್ಲ ಅಷ್ಟೇ, ಅವನ ಮನಸ್ಸಿನಲ್ಲಿ "ಯಾವ ಪೈಕಿ" ಎನ್ನುವ ಆ ಪ್ರಶ್ನೆ ಮೊದಲ ದಿನದಿಂದಲೂ ಇತ್ತು.

"ತಂಗಿ ಅಲ್ಲ ಅಂತ ಸಹಿ ಹಾಕಿ, ಸುಳ್ಳು ಬರಸೀನಿ ಅಂತ ಭಾಳ ಅತ್ತಿದ್ದೆ" ಅಂದಳು. "ಸುಳ್ಳಲ್ಲ ಅಂತ ನೀವ ಹೇಳಿದ್ರಿ ಬಿಡ್ರಿ, ಮೂಕಣ್ಣೋರೆ."