ಶೆಟ್ರ ದಂಡೆಯ ಮಿಂಚುಳ್ಳಿ

ಸ್ನೇಹಿತರೇ, ಇವತ್ತು ಬೆಳಿಗ್ಗೆ ಬಂಟ್ವಾಳದಲ್ಲಿ ಹಕ್ಕಿ ನೋಡಲು ಹೋದ ನಾವಿಬ್ಬರು ಟೀಚರುಗಳು ಸರ್ವೆಯವರಾಗಿಬಿಟ್ಟೆವು!

ನೇತ್ರಾವತಿಯ ದಂಡೆಯಲ್ಲಿ ಸರೋಜಿನಿ ತನ್ನ ಮಿಲಿಟರಿ ಅಣ್ಣನ ದುರ್ಬೀನು ಹಿಡಿದು ನೋಡುತ್ತಿದ್ದಳು, ನಾನು ಪುಸ್ತಕದಲ್ಲಿ ಬರೆಯುತ್ತಿದ್ದೆ. ಅಷ್ಟರಲ್ಲಿ ಆ ಜಾಗದ ಯಜಮಾನರಾದ ಕಾಂತಪ್ಪ ಶೆಟ್ರು ಓಡಿ ಬಂದರು.

“ಯಾರನ್ನು ಕೇಳಿ ನನ್ನ ಜಾಗ ಅಳೆಯುವುದು? ಗೇಣಿ ಕಾನೂನಿನವರಾ ನೀವು?”

“ಅಳೆಯುವುದಲ್ಲ ಶೆಟ್ರೇ, ಹಕ್ಕಿ ನೋಡುವುದು,” ಎಂದೆ.

“ಹಕ್ಕಿ ನೋಡ್ಲಿಕ್ಕೆ ಪುಸ್ತಕ ಯಾಕೆ ಮಾರಾಯ್ರೆ?”

ಅವರ ಹಿಂದೆಯೇ ಇಬ್ಬರು ಆಳುಗಳು ಪಿಕ್ಕಾಸು ಹಿಡಿದು ಬಂದರು. ನೀರಿಗಿಳಿಯಲು ಮೆಟ್ಟಿಲು ಕಡಿಯಬೇಕಿತ್ತಂತೆ, ಅದೂ ಮಿಂಚುಳ್ಳಿ ಗೂಡು ಮಾಡಿದ್ದ ಜಾಗದಲ್ಲೇ. ಸರೋಜಿನಿ ದುರ್ಬೀನನ್ನು ಶೆಟ್ರ ಕೈಗಿಟ್ಟು ದಂಡೆಯ ಮಣ್ಣಿನಲ್ಲಿದ್ದ ಗೂಡಿನ ತೂತನ್ನು ತೋರಿಸಿದಳು. ಅದೇ ಹೊತ್ತಿಗೆ ನೀಲಿ ಹಕ್ಕಿಯೊಂದು ಮೀನು ಕಚ್ಚಿಕೊಂಡು ಬಂದು ಅದರೊಳಗೆ ನುಗ್ಗಿತು.

“ಓ! ಒಳಗೆ ಮರಿಗಳುಂಟಾ?” ಶೆಟ್ರ ದನಿ ಪಿಸುಮಾತಾಯಿತು.

“ಉಂಟು. ಆ ಮೀನು ಅವಕ್ಕೇ,” ಎಂದೆ.

ಅವರು ದುರ್ಬೀನು ಇಳಿಸದೆಯೇ ಆಳುಗಳತ್ತ ಕೈ ಬೀಸಿದರು. “ಇಲ್ಲಿ ಬೇಡ. ಆಚೆ ಮಾವಿನ ಮರದ ಹತ್ರ ಕಡಿಯುವ.”

ನಮಗೆ ಕುಣಿಯುವಷ್ಟು ಖುಷಿ. ಆಳುಗಳೂ ಸರದಿಯಲ್ಲಿ ನೋಡಿ ನಕ್ಕರು. ಒಂದು ಗಂಟೆ ಕಳೆದರೂ ಶೆಟ್ರು ಮಾತ್ರ ಅಲುಗಲಿಲ್ಲ. ಕೊನೆಗೆ ಸರೋಜಿನಿ ಮೆಲ್ಲಗೆ ಕೈ ಚಾಚಿದಳು.

“ನಾಳೆ ಕೊಡ್ತೇನೆ ಟೀಚರೇ. ಮನೆಯವಳಿಗೂ ತೋರಿಸ್ಬೇಕು.”

ದುರ್ಬೀನಿಲ್ಲದೆ ಮನೆಗೆ ಮರಳುವ ದಾರಿಯುದ್ದಕ್ಕೂ ನಮ್ಮ ಬರಿಗಣ್ಣಿಗೆ ಗುರುತು ಸಿಕ್ಕಿದ್ದು ಕಾಗೆ ಮಾತ್ರ.